ನಾನು ಎಳೆದ ಕೈ

ಶೇಖರಣ್ಣನ ಎಡಗೈ ಹಾಳಾದದ್ದು ನನ್ನಿಂದ. ಬಶೀರನಿಂದ ಅಲ್ಲ. ಈ ಎರಡು ವಾಕ್ಯಗಳನ್ನು ನಾನು ಹದಿಮೂರು ವರ್ಷಗಳ ಹಿಂದೆ, ಮಸ್ಕತ್ತಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನಿಂತು ಹೇಳಬೇಕಿತ್ತು. ಕೇಳಿದವರಿದ್ದರು. ನನಗೆ ಬಾಯಿಯೂ ಇತ್ತು. ನಾನು ಬೇರೆಯದನ್ನು ಹೇಳಿದೆ – ಮತ್ತೆ ಹೇಳಿದ್ದನ್ನೇ ಹಿಡಿದುಕೊಂಡು ಬದುಕಿದೆ.

ನನ್ನ ಹೆಸರು ಸಿಪ್ರಿಯನ್. ಊರು ಶಿರ್ವ. ಎಂಬತ್ತರ ದಶಕದ ಮೊದಲಲ್ಲಿ ಒಮಾನಿಗೆ ಬಂದು, ಮಸ್ಕತ್ತಿನ ಬದಿಯ ಬೌಷರಿನಲ್ಲಿ ರಸ್ತೆ ಮಾಡುತ್ತಿದ್ದ ಒಂದು ಕಂಪನಿಯ ಸ್ಟೋರಿನಲ್ಲಿ ಕ್ಲಾರ್ಕ್ ಆಗಿದ್ದೆ. ಆಗಿನದು ಈಗಿನ ಕಟ್ಟಡಗಳ ಬೌಷರ್ ಅಲ್ಲ. ಒಂದು ಕಡೆ ಬೋಳು ಬೆಟ್ಟ, ಇನ್ನೊಂದು ಕಡೆ ಮರಳಿನ ದಿಣ್ಣೆ, ನಡುವೆ ನಮ್ಮ ಕ್ಯಾಂಪು. ಒಂದು ಕ್ಯಾಬಿನ್ನಿನಲ್ಲಿ ನಾವು ಮೂವರು. ಪಡುಬಿದ್ರಿಯ ಶೇಖರಣ್ಣ, ಉಳ್ಳಾಲದ ಬಶೀರ್, ನಾನು. ಮನೆಯಲ್ಲಿ ನನ್ನದು ಕೊಂಕಣಿ, ಬಶೀರನದು ಬ್ಯಾರಿ. ಆದರೆ ಮೂವರೂ ಕೂಡಿದರೆ ತುಳುವೇ. ಇಲ್ಲಿ ನಾನು ಬರೆಯುವ ನಮ್ಮ ಮೂವರ ಮಾತುಗಳೆಲ್ಲ ತುಳುವಿನಲ್ಲಿ ಆಡಿದವು.

ಶೇಖರಣ್ಣ ನಮಗಿಂತ ಆರೇಳು ವರ್ಷ ದೊಡ್ಡವರು. ಕ್ರೇನ್ ಆಪರೇಟರ್. ಎರಡೂ ಕೈಗಳಲ್ಲಿ ಲಿವರ್ ಹಿಡಿದು ಕೂತರೆ ಕಾಂಕ್ರೀಟಿನ ದೊಡ್ಡ ತೊಲೆಯನ್ನು ಮೊಟ್ಟೆ ಇಟ್ಟ ಹಾಗೆ ಕೆಳಗಿಳಿಸುತ್ತಿದ್ದರು. ಬೇರೆ ಸೈಟಿನವರು ಅವರನ್ನು ಎರವಲು ಕೇಳುತ್ತಿದ್ದರು. ಬಶೀರ್ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ನನ್ನ ಪ್ರಾಯದವ, ಗಟ್ಟಿ ಮೈಯವ, ಮಾತು ಕಮ್ಮಿ. ಊರಿನಿಂದ ಕಾಗದ ಬಂದರೆ ಮೂವರೂ ಒಬ್ಬರದ್ದನ್ನು ಒಬ್ಬರಿಗೆ ಓದಿ ಹೇಳುತ್ತಿದ್ದೆವು. ಅಷ್ಟು ಹತ್ತಿರದವರು.

ಕಂಪನಿಯಲ್ಲಿ ಐದಾರು ಅಮೆರಿಕದವರಿದ್ದರು. ಅವರಲ್ಲಿ ಹಾರ್ಲನ್ ಎಂಬ ಇಂಜಿನಿಯರಿಗೆ ತನ್ನ ದೇಶದ ಫುಟ್‌ಬಾಲಿನ ಹುಚ್ಚು. ಆಟಕ್ಕೆ ಜನ ಸಾಲದೆ ನಮ್ಮನ್ನೆಲ್ಲ ಸೇರಿಸಿದರು. ಹೆಸರು ಫುಟ್‌ಬಾಲ್ ಎಂದು ಕೇಳಿ ನಾವು ನಕ್ಕಿದ್ದೆವು – ಕಾಲಿಗೆ ಅದರಲ್ಲಿ ಹೆಚ್ಚು ಕೆಲಸವೇ ಇಲ್ಲ. ಎರಡು ತುದಿ ಚೂಪಾದ ಚೆಂಡನ್ನು ಕಂಕುಳಲ್ಲಿ ಒತ್ತಿಕೊಂಡು ಎದುರಿನವರ ಗೆರೆ ದಾಟುವವರೆಗೆ ಓಡುವುದು. ಎದುರಿನವರು ಅವನನ್ನು ಹಿಡಿದು ಕೆಡವುವುದು. ನಮ್ಮ ಕಡೆಯ ಕಬಡ್ಡಿ ಗೊತ್ತಿದ್ದವರಿಗೆ ಬೇಗ ಹಿಡಿಸಿತು. ಶುಕ್ರವಾರ ಬೆಳಿಗ್ಗೆ ಬಿಸಿಲೇರುವ ಮೊದಲು, ಕ್ಯಾಂಪಿನ ಹಿಂದಿನ ಮಣ್ಣಿನ ನೆಲದಲ್ಲಿ ಸುಣ್ಣದ ಗೆರೆ ಎಳೆದು ಆಡುತ್ತಿದ್ದೆವು.

ನಿಯಮಗಳನ್ನು ಹಾರ್ಲನ್ ಇಂಗ್ಲಿಷಿನಲ್ಲಿ ಹೇಳುವುದು, ನಾನು ಹಿಂದಿಯಲ್ಲಿ, ತುಳುವಿನಲ್ಲಿ ಹೇಳಿಕೊಡುವುದು. ಎಲ್ಲರಿಗೂ ತಲೆಗೆ ಹೋಗದೆ ಇದ್ದದ್ದು ಒಂದೇ ನಿಯಮ. ಚೆಂಡು ಹಿಡಿದು ಓಡುವ ನಮ್ಮವನಿಗೆ ನಾವು ಏನು ಸಹಾಯ ಮಾಡಬಹುದು? ಅವನ ಮುಂದೆ ಓಡಬಹುದು, ಅಡ್ಡ ಬರುವವರಿಗೆ ಮೈಕೊಟ್ಟು ತಡೆದು ದಾರಿ ಮಾಡಿಕೊಡಬಹುದು. ಆದರೆ ಅವನನ್ನು ಮುಟ್ಟಬಾರದು. ಹಿಂದಿನಿಂದ ದೂಡಬಾರದು, ಎತ್ತಬಾರದು, ಮುಂದಿನಿಂದ ಕೈಹಿಡಿದು ಎಳೆಯಬಾರದು. ನಮ್ಮವನನ್ನೇ ನಾವು ಮುಟ್ಟಿದರೆ ತಪ್ಪು ಹೇಗೆ ಎಂದು ಬಶೀರನೇ ಕೇಳಿದ್ದ. ಹಾರ್ಲನ್ ನಗಲಿಲ್ಲ. ಹಿಂದೆ ಅವರ ದೇಶದಲ್ಲಿ ಹಾಗೆ ಆಡುತ್ತಿದ್ದರಂತೆ. ಒಂದು ಕಡೆಯವರು ಹಿಡಿದಿರುವಾಗ ಇನ್ನೊಂದು ಕಡೆಯವರು ಎಳೆದು ಜನ ಮುರಿದುಹೋಗುತ್ತಿದ್ದರಂತೆ. ಮನುಷ್ಯ ಹಗ್ಗ ಅಲ್ಲ ಎಂದರು. ಆ ಮಾತನ್ನು ತುಳುವಿಗೆ ತಿರುಗಿಸಿ, ಒಬ್ಬೊಬ್ಬರಿಗೂ ಎರಡೆರಡು ಸಲ ಹೇಳಿದವನು ನಾನು. ಗೊತ್ತಿರಲಿಲ್ಲ ಎಂದು ಹೇಳುವ ಹಕ್ಕು ಕ್ಯಾಂಪಿನಲ್ಲಿ ಯಾರಿಗಾದರೂ ಇತ್ತು ಎಂದಾದರೆ – ನನಗಂತೂ ಇರಲಿಲ್ಲ.

ಆ ಚಳಿಗಾಲದಲ್ಲಿ ವರ್ಕ್‌ಶಾಪಿಗೂ ಸೈಟಿನವರಿಗೂ ಕೊನೆಯ ಪಂದ್ಯ. ಗೆದ್ದವರಿಗೆ ಮೂರು ದಿನ ಸಲಾಲಾ ಪ್ರವಾಸ. ಶೇಖರಣ್ಣ, ನಾನು ಸೈಟಿನ ತಂಡ. ಬಶೀರ್ ಎದುರಿನ ತಂಡ.

ಪಂದ್ಯಕ್ಕೆ ಹತ್ತು ದಿನ ಮೊದಲು ಅವರಿಬ್ಬರಿಗೆ ಜಗಳವಾಗಿತ್ತು. ಬಶೀರ್ ರಿಪೇರಿ ಮಾಡಿ ಸರಿಯುಂಟು ಎಂದು ಬರೆದುಕೊಟ್ಟ ಕ್ರೇನಿನ ಬ್ರೇಕು ಜಾರುತ್ತದೆ ಎಂದು ಶೇಖರಣ್ಣ ಮೇಲಿನವರಿಗೆ ಹೇಳಿದರು. ಬಶೀರನಿಗೆ ಎಚ್ಚರಿಕೆಯ ಕಾಗದ ಬಂತು. ಮೊದಲು ನನಗೆ ಹೇಳಬಹುದಿತ್ತಲ್ಲ ಎಂದು ಅವನು ಮೆಸ್ಸಿನಲ್ಲಿ ಎಲ್ಲರ ಎದುರು ಗಟ್ಟಿಯಾಗಿ ಕೇಳಿದ. ಶೇಖರಣ್ಣನೂ ಬಿಡಲಿಲ್ಲ. ಆಮೇಲೆ ಕ್ಯಾಬಿನ್ನಿನಲ್ಲಿ ಇಬ್ಬರೂ ನನ್ನ ಹತ್ತಿರ ಮಾತ್ರ ಮಾತಾಡುತ್ತಿದ್ದರು. ಇನ್ನು ಸ್ವಲ್ಪ ದಿನ ಹೋದರೆ ಸರಿಹೋಗುವಂಥದ್ದೇ. ಅದಕ್ಕೆ ಮೊದಲು ಪಂದ್ಯ ಬಂತು.

ಆಟದ ಕೊನೆಯ ಹೊತ್ತು. ಎರಡೂ ಕಡೆ ಸಮ. ಚೆಂಡು ಶೇಖರಣ್ಣನ ಬಲಗಂಕುಳಲ್ಲಿತ್ತು. ನಾನು ಅವರ ಮುಂದೆ ಓಡುತ್ತಾ ಒಬ್ಬನನ್ನು ತಡೆದೆ, ದಾರಿ ಬಿಟ್ಟಿತು, ಗೆರೆ ಎರಡು ಹೆಜ್ಜೆ ದೂರ – ಆಗ ಬಶೀರ್ ಪಕ್ಕದಿಂದ ಬಂದು ಅವರ ಸೊಂಟವನ್ನು ಎರಡೂ ಕೈಯಿಂದ ಅಪ್ಪಿ ಹಿಡಿದ. ಅವನ ಮುಖ ಶೇಖರಣ್ಣನ ಬೆನ್ನಿಗೆ ಒತ್ತಿತ್ತು. ಶೇಖರಣ್ಣ ಬೀಳಲಿಲ್ಲ. ನಿಂತರು, ತಲೆ ನೆಲಕ್ಕೆ ಮಾಡಿ ಬಗ್ಗಿದರು, ಒಂದು ಹೆಜ್ಜೆ ಎಳೆದರು. ಧೂಳು ಎದ್ದಿತ್ತು. ಹಾರ್ಲನ್ ಆ ಬದಿಯಲ್ಲಿದ್ದರು, ನಡುವೆ ಏಳೆಂಟು ಜನ. ಶೇಖರಣ್ಣನ ಎಡಗೈ ಖಾಲಿಯಾಗಿ ಮುಂದಕ್ಕೆ ಚಾಚಿತ್ತು – ನನ್ನ ಕಡೆಗೆ.

ಯೋಚನೆ ಮಾಡಲಿಲ್ಲ ಎಂದು ಬರೆಯಬಹುದು. ಸುಳ್ಳಾಗುತ್ತದೆ. ಯೋಚನೆ ಬಂದಿತ್ತು. ಮುಟ್ಟಬಾರದು ಎಂಬುದೂ ನೆನಪಾಯಿತು, ಯಾರಿಗೂ ಕಾಣುವುದಿಲ್ಲ ಎಂಬುದೂ ನೆನಪಾಯಿತು. ನಾನು ಆ ಕೈಯ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದು, ಹಿಮ್ಮಡಿ ನೆಲಕ್ಕೆ ಊರಿ, ಮೈಯ ಭಾರವನ್ನೆಲ್ಲ ಹಾಕಿ ಎಳೆದೆ. ಹಿಂದಿನಿಂದ ಬಶೀರ್ ಬಿಗಿದಿದ್ದಾನೆ, ಮುಂದಿನಿಂದ ನಾನು. ಏನೋ ಕಳಚಿದ್ದು ನನ್ನ ಅಂಗೈಗೆ ಗೊತ್ತಾಯಿತು. ಕಿವಿಗೆ ಕೇಳುವ ಮೊದಲೇ ಗೊತ್ತಾಯಿತು. ಬಿಟ್ಟೆ. ಶೇಖರಣ್ಣ ಮುಗ್ಗರಿಸಿ ಬಿದ್ದರು, ಅವರ ಮೇಲೆ ಬಶೀರ್, ಅವನ ಮೇಲೆ ಇನ್ನಿಬ್ಬರು. ನಾನು ಒಂದು ಮಾರು ದೂರ ನಿಂತಿದ್ದೆ – ಈಗಷ್ಟೇ ಓಡಿ ಬಂದವನ ಹಾಗೆ.

ಕ್ಲಿನಿಕ್ಕಿಗೆ ಹಾರ್ಲನ್ ಅವರೇ ಗಾಡಿ ಬಿಟ್ಟರು. ಹಿಂದಿನ ಸೀಟಿನಲ್ಲಿ ಶೇಖರಣ್ಣನ ತಲೆ ನನ್ನ ತೊಡೆಯ ಮೇಲಿತ್ತು. ಸುಡಾನಿನ ಡಾಕ್ಟರು ಭುಜ ಮುಟ್ಟಿ ನೋಡಿದರು, ಬೆರಳು ಮುಟ್ಟಿ ನೋಡಿದರು, ಮುಖ ಗಂಭೀರವಾಯಿತು. ಶೇಖರಣ್ಣನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಡಾಕ್ಟರು ನನ್ನನ್ನು ಕೇಳಿದರು – ಇವರ ಮೇಲೆ ಯಾರಾದರೂ ಬಿದ್ದದ್ದೋ, ಅಥವಾ ಕೈಯನ್ನು ಯಾರಾದರೂ ಜೋರಾಗಿ ಎಳೆದದ್ದೋ? ಸರಿಯಾಗಿ ಹೇಳು, ಎಳೆದದ್ದಾದರೆ ನರಕ್ಕೆ ಪೆಟ್ಟಾಗಿರಬಹುದು, ಇವತ್ತೇ ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂದರು. ನಾನು ಅದನ್ನು ಶೇಖರಣ್ಣನಿಗೆ ತುಳುವಿನಲ್ಲಿ ಕೇಳಿದೆ. ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು:

"ಯಾರೋ ಎಳೆದರು ಸಿಪ್ರಿ. ಕೈ ಹಿಡಿದು ಎಳೆದರು."

ಡಾಕ್ಟರು ನನ್ನ ಮುಖ ನೋಡಿದರು. ಏನಂತೆ ಎಂದು ಕೇಳಿದರು. ಬಾಗಿಲ ಹತ್ತಿರ ಹಾರ್ಲನ್ ಕೈಕಟ್ಟಿ ನಿಂತಿದ್ದರು – ನನಗೆ ನಿಯಮ ಕಲಿಸಿದವರು, ನನ್ನನ್ನು ಸ್ಟೋರಿನಿಂದ ಆಫೀಸಿಗೆ ತೆಗೆದುಕೊಳ್ಳುತ್ತೇನೆ ಎಂದಿದ್ದವರು.

"ಒಬ್ಬ ಮೇಲೆ ಬಿದ್ದನಂತೆ ಡಾಕ್ಟರ್" ಎಂದೆ.

ಇಷ್ಟೇ. ಇಂಗ್ಲಿಷಿನಲ್ಲಿ ನಾಲ್ಕೈದು ಪದ. ಶೇಖರಣ್ಣ ಹಲ್ಲು ಕಚ್ಚಿಕೊಂಡು ನನ್ನನ್ನು ನೋಡಿದರು. ತಮ್ಮ ಮಾತನ್ನೇ ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ ಎಂದುಕೊಂಡರು. ಡಾಕ್ಟರು ಭುಜವನ್ನು ಗೂಡಿಗೆ ಕೂರಿಸಿ, ಕೈಯನ್ನು ಎದೆಗೆ ಕಟ್ಟಿ ಕಳಿಸಿದರು.

ಮೂರು ವಾರದ ಮೇಲೆ ಕಟ್ಟು ಬಿಚ್ಚಿದಾಗ ಹೆಬ್ಬೆರಳು, ಪಕ್ಕದ ಎರಡು ಬೆರಳು ಮಡಚಲಿಲ್ಲ. ಮೊಣಕೈ ಅರ್ಧಕ್ಕೆ ಮಾತ್ರ ಏರಿತು. ದೊಡ್ಡ ಆಸ್ಪತ್ರೆಯವರು ನೋಡಿ, ಮೊದಲ ದಿನವೇ ಕರೆತಂದಿದ್ದರೆ ಏನಾದರೂ ಆಗುತ್ತಿತ್ತೇನೋ, ಹೇಳಲು ಬರುವುದಿಲ್ಲ ಎಂದರು. ಆ 'ಏನೋ' ಎಂಬುದರ ಒಳಗೆ ಎಷ್ಟು ಇತ್ತು – ನನಗೆ ಇಂದಿಗೂ ತಿಳಿಯದು. ಕೈ ಎಳೆದದ್ದು ಒಂದು ಕ್ಷಣದ ಕೆಲಸ. ಡಾಕ್ಟರ ಎದುರು ಹೇಳಿದ್ದು ಹಾಗಲ್ಲ. ಅದನ್ನು ತಿದ್ದಲು ಆ ಮೂರು ವಾರದಲ್ಲಿ ಪ್ರತಿ ದಿನವೂ ನನಗೆ ಸಮಯವಿತ್ತು. ಅವರ ಅಂಗಿಯ ಗುಂಡಿ ಹಾಕುತ್ತಿದ್ದವನು ನಾನು, ಅನ್ನ ಕಲಸಿ ಕೊಡುತ್ತಿದ್ದವನು ನಾನು.

ಬಶೀರನ ಮೇಲೆ ಮಾತು ಹೇಗೆ ಹುಟ್ಟಿತೋ ಗೊತ್ತಿಲ್ಲ. ಯಾರೋ ಕೈ ಎಳೆದರು ಎಂದು ಶೇಖರಣ್ಣ ಹೇಳುತ್ತಿದ್ದರು, ಹಿಡಿದದ್ದು ಬಶೀರ್, ಹತ್ತು ದಿನ ಮೊದಲು ಜಗಳವಾಡಿದ್ದು ಬಶೀರ್. ಬೇಕೆಂದೇ ಕೈ ತಿರುಚಿದ ಎಂದಾಯಿತು. ಅವನ ಹೆಸರು ಬಶೀರ್ ಎಂಬುದೂ ಕೆಲವರಿಗೆ ಸಾಕಾಯಿತು – ಅದನ್ನೂ ಬರೆಯಬೇಕು. ಮೆಸ್ಸಿನಲ್ಲಿ ಅವನ ಮೇಜಿನಲ್ಲಿ ಕೂರುವವರು ಕಮ್ಮಿಯಾದರು. ಶೇಖರಣ್ಣ ನನ್ನನ್ನು ಒಮ್ಮೆ ಕೇಳಿದರು, ಅವನೇ ಅಲ್ಲವಾ ಎಂದು. ಅವನೇ ನಿಮ್ಮನ್ನು ಹಿಡಿದದ್ದು ಎಂದೆ. ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಹಾರ್ಲನ್ ವಿಚಾರಣೆ ಮಾಡಿದರು. ನನ್ನನ್ನು ಕರೆದು, ನೀನು ಎಲ್ಲರಿಗಿಂತ ಹತ್ತಿರವಿದ್ದೆ, ಬಶೀರ್ ಕೈ ತಿರುಚಿದನಾ ಎಂದು ನೇರ ಕೇಳಿದರು. ಎದುರಿನ ಕುರ್ಚಿಯಲ್ಲಿ ಬಶೀರನೇ ಕೂತಿದ್ದ. ಅವನು ನನ್ನನ್ನು ನೋಡುತ್ತಿದ್ದ ರೀತಿ – ಒಂದು ಒಳ್ಳೆಯ ಮಾತಿಗಾಗಿ ಕಾಯುವವನ ರೀತಿ.

"ಮೇ ಬಿ, ಸರ್."

ಹೌದು ಎನ್ನಲಿಲ್ಲ. ಇಲ್ಲ ಎನ್ನಲಿಲ್ಲ. ನಾನು ನಿಂತಿದ್ದ ಜಾಗವೇ ಅದು, ಎರಡರ ನಡುವೆ, ಯಾರೂ ಬೆರಳು ತೋರಿಸಲಾಗದ ಹಾಗೆ. ಬಶೀರ್ ತಲೆ ತಗ್ಗಿಸಿದ. ಆ ವಾರವೇ ಕಂಪನಿ ಅವನ ವೀಸಾ ರದ್ದು ಮಾಡಿಸಿತು. ವೀಸಾ ಕೊಟ್ಟಿದ್ದ ಕಫೀಲನ ಆಫೀಸಿನಿಂದ ಬಂದ ಒಮಾನಿ ಅವನ ಪಾಸ್‌ಪೋರ್ಟ್ ಕೈಗೆ ಕೊಟ್ಟು 'ಖಲಾಸ್' ಎಂದ. ಗೇಟಿನ ಹತ್ತಿರ ಚೀಲ ಹಿಡಿದು ನಿಂತ ಬಶೀರ್ ನನಗೆ ಹೇಳಿದ, ನಾನು ಸೊಂಟ ಮಾತ್ರ ಹಿಡಿದದ್ದು ಸಿಪ್ರಿ, ಆದರೆ ಬೀಳುವಾಗ ಎಲ್ಲಿ ಹಿಡಿದೆನೋ ನೆನಪಿಲ್ಲ ಎಂದು. ಆಗಲೇ ಅವನೂ ತನ್ನನ್ನು ನಂಬುವುದು ಬಿಟ್ಟಿದ್ದ. ನಾನು ಅವನ ಚೀಲವನ್ನು ಗಾಡಿಗೆ ಎತ್ತಿ ಇಟ್ಟೆ.

ಮುಂದಿನ ವರ್ಷ ನಾನು ಆಫೀಸಿಗೆ ಹೋದೆ. ಆಮೇಲೆ ಮಸ್ಕತ್ತಿನ ರೂವಿಯಲ್ಲಿ ಬೇರೆ ಕೆಲಸ, ಮದುವೆ, ದಾರ್ಸೈಟಿನಲ್ಲಿ ಫ್ಲ್ಯಾಟು, ಇಬ್ಬರು ಮಕ್ಕಳು. ಶೇಖರಣ್ಣ ಮತ್ತೆ ಕ್ರೇನ್ ಹತ್ತಲಿಲ್ಲ. ಗೇಟಿನಲ್ಲಿ ಕೂತು ಗಾಡಿಗಳ ನಂಬರ್ ಬರೆದರು. ನಾನು ಪ್ರತಿ ವರ್ಷ ಈಸ್ಟರಿಗೆ ಮೊದಲು ಇಗರ್ಜಿಯಲ್ಲಿ ಪಾಪನಿವೇದನೆಗೆ ಮೊಣಕಾಲೂರುತ್ತಿದ್ದೆ. ಸಿಟ್ಟು, ಅಸೂಯೆ, ಪ್ರಾರ್ಥನೆ ತಪ್ಪಿಸಿದ್ದು – ಎಲ್ಲ ಹೇಳುತ್ತಿದ್ದೆ. ಇದೊಂದನ್ನು ಬಿಟ್ಟು. ಹೇಳಿದರೆ ಪಾದ್ರಿಗಳು, ಹೋಗಿ ಆ ಮನುಷ್ಯನ ಹೆಸರನ್ನು ಅವನಿಗೆ ಹಿಂದಕ್ಕೆ ಕೊಡು ಎನ್ನುತ್ತಾರೆ ಎಂದು ಗೊತ್ತಿತ್ತು.

ತೊಂಬತ್ತಮೂರರಲ್ಲಿ ಬಶೀರ್ ಬೇರೆ ವೀಸಾದಲ್ಲಿ ಮಸ್ಕತ್ತಿಗೆ ಬಂದ. ಅಲ್ ಖೌದಿನ ಒಂದು ಬೇಕರಿಯಲ್ಲಿ ವ್ಯಾನ್ ಓಡಿಸುವ ಕೆಲಸ. ಯಾರಿಂದಲೋ ವಿಳಾಸ ಹಿಡಿದು ಒಂದು ಶುಕ್ರವಾರ ಮಧ್ಯಾಹ್ನ ನಮ್ಮ ಮನೆಗೆ ಬಂದ. ಕೂದಲು ಅರ್ಧ ನರೆತಿತ್ತು. ನನ್ನ ಮಗಳು ಇಂಗ್ಲಿಷಿನಲ್ಲಿ ಹೆಸರು ಕೇಳಿದಾಗ ನಕ್ಕು ಉತ್ತರ ಕೊಟ್ಟ. ಆಮೇಲೆ, ಶೇಖರಣ್ಣನ ಹತ್ತಿರ ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಿದ. ಕ್ಷಮೆ ಕೇಳಬೇಕಂತೆ. ಏಳು ವರ್ಷ ಯೋಚಿಸಿದ್ದಾನಂತೆ. ನಾನು ಮಾಡದೆ ಮತ್ತೆ ಯಾರು ಮಾಡಿರಬೇಕು, ಮನಸ್ಸಿನಲ್ಲಿ ಆಗ ಸಿಟ್ಟು ಇದ್ದದ್ದು ಹೌದಲ್ಲ ಎಂದ.

ಕರೆದುಕೊಂಡು ಹೋದೆ. ದೇವರೇ, ನಾನೇ ಕಾರು ಬಿಟ್ಟುಕೊಂಡು ಕರೆದುಕೊಂಡು ಹೋದೆ.

ಶೇಖರಣ್ಣನ ಕೋಣೆಯಲ್ಲಿ ಬಶೀರ್ ನೆಲದ ಮೇಲೆ ಕೂತ. ಅವರ ಎಡಗೈಯನ್ನು ತನ್ನ ಎರಡು ಕೈಗಳ ನಡುವೆ ಇಟ್ಟುಕೊಂಡು ತಪ್ಪಾಯಿತು ಶೇಖರಣ್ಣ ಎಂದ. ಶೇಖರಣ್ಣನ ಮುಖ ಮೊದಲು ಕಲ್ಲಿನಂತಿತ್ತು. ನಾನು ಮೂಲೆಯಲ್ಲಿ ಸ್ಟೋವಿನ ಹತ್ತಿರ ಚಹಾ ಮಾಡುತ್ತಾ ನಿಂತಿದ್ದೆ, ಬೆನ್ನು ತಿರುಗಿಸಿ. ಆಗ ಶೇಖರಣ್ಣನ ದನಿ ಕೇಳಿತು.

"ಆಯ್ತು ಮಾರಾಯ. ನಾನು ಬಿಟ್ಟಿದ್ದೇನೆ. ನೀನೂ ಬಿಡು."

ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಅದನ್ನು ಒರೆಸುವ ನೆಪದಲ್ಲಿ ನಾನು ತಿರುಗದೆ ಉಳಿದೆ. ನನ್ನ ಜೀವನದಲ್ಲಿ ಮಾಡಿದ ಅತಿ ದೊಡ್ಡ ತಪ್ಪು ಯಾವುದು ಎಂದರೆ ಕೈ ಎಳೆದದ್ದಲ್ಲ, ಡಾಕ್ಟರಿಗೆ ಹೇಳಿದ್ದೂ ಅಲ್ಲ – ಆ ಕೋಣೆಯಲ್ಲಿ ಒಲೆ ಒರೆಸಿದ್ದು.

ಅಲ್ಲಿಂದ ಮುಂದೆ ಬಶೀರ್ ಹೆಚ್ಚುಕಮ್ಮಿ ಪ್ರತಿ ಶುಕ್ರವಾರ ಶೇಖರಣ್ಣನ ಕೋಣೆಗೆ ಹೋಗುತ್ತಿದ್ದ. ಬಟ್ಟೆ ಒಗೆದು ಕೊಡುತ್ತಿದ್ದ. ಎಣ್ಣೆ ಬಿಸಿ ಮಾಡಿ ಆ ಕೈಗೆ ತಿಕ್ಕುತ್ತಿದ್ದ, ಭುಜದಿಂದ ಬೆರಳ ತುದಿಯವರೆಗೆ. ನಾನೂ ಒಮ್ಮೊಮ್ಮೆ ಹೋಗಿ ನೋಡಿದ್ದೇನೆ. ಅವರಿಬ್ಬರೂ ಹಳೆಯ ಹಾಗೆ ನಗುತ್ತಿದ್ದರು. ಎಲ್ಲ ಸರಿಯಾಯಿತಲ್ಲ, ಈಗ ಹೇಳಿ ಯಾಕೆ ಕೆಡಿಸಬೇಕು – ಹೀಗೂ ನನ್ನ ತಲೆ ಓಡಿತು. ತೊಂಬತ್ತಾರರಲ್ಲಿ ಶೇಖರಣ್ಣ ಊರಿಗೆ ಹೋಗಿಬಿಟ್ಟರು. ಬಶೀರ್ ರಜೆಗೆ ಹೋದಾಗೆಲ್ಲ ಪಡುಬಿದ್ರಿಗೆ ಹೋಗಿ ಬರುತ್ತಿದ್ದ.

ತೊಂಬತ್ತೆಂಟರ ಮೊದಲ ತಿಂಗಳುಗಳಲ್ಲಿ ಬಶೀರ್ ಮತ್ತೆ ದಾರ್ಸೈಟಿನ ನಮ್ಮ ಮನೆಗೆ ಬಂದ. ಹಜ್‌ಗೆ ಹೊರಟಿದ್ದ. ಹೋಗುವ ಮೊದಲು ಗೊತ್ತಿದ್ದವರ ಹತ್ತಿರವೆಲ್ಲ ಹೋಗಿ ಕೇಳಿಕೊಳ್ಳುತ್ತಿದ್ದಾನಂತೆ. ಸೋಫಾದ ತುದಿಯಲ್ಲಿ ಕೂತು, ನನ್ನ ಕೈ ಹಿಡಿದು ಹೇಳಿದ:

"ಸಿಪ್ರಿ, ನನ್ನಿಂದ ನಿನಗೆ ಏನಾದರೂ ತಪ್ಪಾಗಿದ್ದರೆ ಕ್ಷಮಿಸಿಬಿಡು."

ಕ್ಷಮಿಸಿದ್ದೇನೆ ಎಂದು ಹೇಳುವುದು ಎಷ್ಟು ಸುಲಭವಿತ್ತು. ನನ್ನ ಬಾಯಿ ತೆರೆಯಿತು ಕೂಡ. ಆದರೆ ಆ ಒಂದು ಮಾತನ್ನು ಆಡಲು ನನ್ನಿಂದ ಆಗಲಿಲ್ಲ. ಒಳ್ಳೆಯತನದಿಂದಲ್ಲ, ಸುಮ್ಮನೆ ಆಗಲಿಲ್ಲ, ಅಷ್ಟೇ. ಆಟದ ದಿನದಿಂದ ಶುರುಮಾಡಿ ಎಲ್ಲ ಹೇಳಿದೆ. ಡಾಕ್ಟರ ಎದುರಿನದ್ದು, ಹಾರ್ಲನ್ ಎದುರಿನದ್ದು, ಒಲೆಯ ಹತ್ತಿರ ನಿಂತದ್ದು. ಕೊನೆಗೆ ಕ್ಷಮೆ ಕೇಳಿದೆ. ಅಡುಗೆಮನೆಯಲ್ಲಿ ನನ್ನ ಹೆಂಡತಿಯ ಪಾತ್ರೆಗಳ ಸದ್ದು ನಿಂತಿತ್ತು; ಅವಳಿಗೂ ಅಂದೇ ಗೊತ್ತಾದದ್ದು.

ಬಶೀರ್ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹಿಡಿದಿದ್ದೇನೆ ಎಂಬುದೇ ಮರೆತುಹೋಗಿತ್ತೇನೋ. ಯಾಕೆ ಎಂದು ಕೇಳಿದ. ಆಮೇಲೆ, ನನ್ನನ್ನಲ್ಲ, ಯಾರನ್ನೋ ಕೇಳುವ ಹಾಗೆ ಹೇಳಿದ:

"ಅವರು ನನ್ನನ್ನು ಕ್ಷಮಿಸಿದ್ದರಲ್ಲ. ಅದನ್ನು ನಾನೀಗ ಏನು ಮಾಡುವುದು?"

ಬಯ್ಯಲಿಲ್ಲ. ಎದ್ದು ಚಪ್ಪಲಿ ಹಾಕಿಕೊಂಡ. ಹಜ್‌ನಿಂದ ಬಂದ ಮೇಲೆ ಪಡುಬಿದ್ರಿಗೆ ಹೋಗುವುದು, ಇಬ್ಬರೂ ಒಟ್ಟಿಗೆ, ಅಲ್ಲಿಯವರೆಗೆ ನನಗೆ ಫೋನ್ ಮಾಡಬೇಡ ಎಂದು ಹೇಳಿ ಮೆಟ್ಟಿಲಿಳಿದ. ನಾನು ಕ್ಷಮೆ ಕೇಳಿದ್ದಕ್ಕೆ ಅವನು ಉತ್ತರ ಕೊಟ್ಟಿರಲಿಲ್ಲ. ಇಂದಿಗೂ ಕೊಟ್ಟಿಲ್ಲ.

ಹೋದ ವರ್ಷದ ರಜೆಯಲ್ಲಿ ಹೋದೆವು. ಬಸ್ಸಿನಲ್ಲಿ ಬೇರೆ ಬೇರೆ ಸೀಟು. ಶೇಖರಣ್ಣನ ಮನೆ ಕಡಲಿನ ಬದಿಯಲ್ಲಿ. ಅವರ ಹೆಂಡತಿ ಸರೋಜಕ್ಕ ಬಶೀರನನ್ನು ಕಂಡು ನಕ್ಕು ಒಳಗೆ ಕರೆದರು. ಜಗಲಿಯಲ್ಲಿ ಕೂತು, ನೀರು ಕುಡಿಯುವ ಮೊದಲೇ ಹೇಳಿದೆ. ಕುಡಿದ ಮೇಲೆ ಹೇಳುತ್ತೇನೆ ಎಂದುಕೊಂಡರೆ ಹೇಳುವುದಿಲ್ಲ ಎಂದು ನನಗೆ ನನ್ನ ಬಗ್ಗೆ ಗೊತ್ತಿತ್ತು.

ಶೇಖರಣ್ಣ ಕಡೆಯವರೆಗೂ ಕೇಳಿದರು. ಕೈಯ ಬಗ್ಗೆ ಏನೂ ಕೇಳಲಿಲ್ಲ. ಒಂದೇ ಪ್ರಶ್ನೆ.

"ಡಾಕ್ಟರಿಗೆ ನಾನು ಹೇಳಿದ್ದನ್ನು ನೀನು ಹೇಳಲೇ ಇಲ್ಲವಾ?"

"ಇಲ್ಲ ಶೇಖರಣ್ಣ."

ಅವರು ತಲೆ ಅಲ್ಲಾಡಿಸಿದರು, ಒಂದು ಲೆಕ್ಕ ಕೊನೆಗೂ ತಾಳೆಯಾದವರ ಹಾಗೆ. ಆಮೇಲೆ ಬಶೀರನ ಕಡೆ ತಿರುಗಿ, ಕ್ಯಾಂಪಿನಲ್ಲಿ ಒಂದು ಕಡೆಯಿಂದ ಎಲ್ಲರೂ ನಿನ್ನನ್ನು ಅಂದಾಗ ನಾನೂ ಅಂದೆನಲ್ಲ ಎಂದರು. ಬಶೀರ್ ಏನೋ ಹೇಳಲು ಹೋದ. ಅವರು ಅವನ ಮಾತು ತಡೆದರು. ಊಟ ಮಾಡದೆ ಹೋಗಬೇಡ, ಸರೋಜ ಮೀನು ಮಾಡಿದ್ದಾಳೆ ಎಂದರು. ಅವನಿಗೆ ಮಾತ್ರ. ನನಗೆ ಹೋಗು ಎನ್ನಲಿಲ್ಲ, ಕೂರು ಎನ್ನಲಿಲ್ಲ. ನಾನು ಎದ್ದೆ. ಅಂಗಳ ದಾಟುವಾಗ ಸರೋಜಕ್ಕ ಒಳಗೆ ಎರಡು ತಟ್ಟೆ ಇಡುವುದು ಕಾಣಿಸಿತು.

ಆಮೇಲೆ ಯಾವ ಕಾಗದವೂ ಬಂದಿಲ್ಲ. ಬರಬೇಕು ಎಂದು ನಾನು ಬರೆಯುತ್ತಿಲ್ಲ. ಇನ್ನೊಂದು ಕೆಲಸ ಉಳಿದಿದೆ, ಅದಕ್ಕಾಗಿ ಬರೆಯುತ್ತಿದ್ದೇನೆ. ಆ ಕ್ಯಾಂಪಿನಲ್ಲಿ ನಮ್ಮ ಕಡೆಯವರು ಬಹಳ ಮಂದಿ ಇದ್ದರು. ಉಡುಪಿ, ಮಂಗಳೂರು, ಕುಂದಾಪುರದ ಎಷ್ಟೋ ಮನೆಗಳಿಗೆ ಆ ಕತೆ ರಜೆಯ ಜೊತೆ ಹೋಗಿದೆ – ಉಳ್ಳಾಲದ ಬಶೀರ್ ಎಂಬವನು ಸಿಟ್ಟಿಗೆ ಗೆಳೆಯನ ಕೈ ಮುರಿದ ಕತೆ. ಹೋದ ತಿಂಗಳು ರೂವಿಯಲ್ಲಿ ಒಬ್ಬರು ನನಗೇ ಅದನ್ನು ಹೇಳಿದರು. ಅವರಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಆ ದಿನ ನಾನು ಅಲ್ಲಿಯೇ ಅವರನ್ನು ನಿಲ್ಲಿಸಿ ತಿದ್ದಿದೆ. ಉಳಿದವರು ಎಲ್ಲೆಲ್ಲಿದ್ದಾರೋ ತಿಳಿಯದು.

ಇದನ್ನು ಓದುವವರಲ್ಲಿ ಯಾರಾದರೂ ಆ ಕತೆ ಕೇಳಿದವರಿದ್ದರೆ, ಹೇಳಿದವರಿದ್ದರೆ – ಯಾರ ಎದುರು ಹೇಳಿದಿರೋ ಅವರ ಎದುರೇ ಇನ್ನೊಂದು ಸಲ ಹೇಳಿ. ಬಶೀರನ ಹೆಸರು ತೆಗೆಯಿರಿ. ಆ ಜಾಗದಲ್ಲಿ ನನ್ನ ಹೆಸರು ಹೇಳಿ.